ಮುಪ್ಪಿನ ಬಾವಿಗಳಲ್ಲಿ ಉಳಿದ ಎಣ್ಣೆ

ನೆಲದಡಿಯ ತೈಲವೆಂದರೆ ಕೆರೆಯಂತೆ ತುಂಬಿ ನಿಂತ ಎಣ್ಣೆ, ಅದರೊಳಕ್ಕೆ ಒಂದು ಕೊಳವೆ ಇಳಿಸಿ ಹೀರಿದರೆ ಕೊನೆಯ ಹನಿಯವರೆಗೂ ಮೇಲೆ ಬರುತ್ತದೆ ಎಂಬ ಭಾವನೆ ಹಲವರಲ್ಲಿದೆ. ಪುಸ್ತಕದ ಚಿತ್ರಗಳಲ್ಲಿ ಕಪ್ಪು ಬಣ್ಣ ಬಳಿದ ಪಟ್ಟಿಯನ್ನು ಕಂಡು ವಿದ್ಯಾರ್ಥಿಗಳೂ ಹಾಗೆಯೇ ತಿಳಿಯುತ್ತಾರೆ. ವಾಸ್ತವ ಬೇರೆ. ಪ್ರಪಂಚದ ತೈಲಕ್ಷೇತ್ರಗಳ ಸರಾಸರಿಯನ್ನು ತೆಗೆದುಕೊಂಡರೆ, ನೆಲದಡಿ ಇರುವ ತೈಲದಲ್ಲಿ ಮನುಷ್ಯ ಮೇಲೆತ್ತುವುದು ಸುಮಾರು ಮೂರರಲ್ಲಿ ಒಂದು ಭಾಗವನ್ನು ಮಾತ್ರ. ಬಾವಿ ಬತ್ತಿತೆಂದು ಮುಚ್ಚಿ ಹೊರಟಾಗಲೂ ಉಳಿದ ಎರಡು ಭಾಗ ಅಲ್ಲಿಯೇ ಇರುತ್ತದೆ.

ಹಾಗಾದರೆ ಅದು ಏಕೆ ಬರುವುದಿಲ್ಲ? ಅದನ್ನು ಪಡೆಯಲು ಕಳೆದ ಒಂದೂವರೆ ಶತಮಾನದಲ್ಲಿ ಏನೇನು ಪ್ರಯತ್ನಗಳು ನಡೆದವು? ಬೇಕಾದ ತೈಲದಲ್ಲಿ ಬಹುಪಾಲನ್ನು ಹೊರದೇಶಗಳಿಂದ ಕೊಳ್ಳುವ ನಮ್ಮ ದೇಶ ಈ ಚರಿತ್ರೆಯಿಂದ ಯಾವ ಪಾಠ ಕಲಿತಿದೆ? ಈ ಮೂರು ಪ್ರಶ್ನೆಗಳನ್ನು ಇಲ್ಲಿ ಪರಿಶೀಲಿಸೋಣ.

ಕಲ್ಲಿನೊಳಗಿನ ಎಣ್ಣೆ

ಹುಂಚ, ಹೊಸನಗರ, ತೀರ್ಥಹಳ್ಳಿ, ಸಾಗರದ ಕಡೆಯ ಓದುಗರು ಮೊದಲ ಪ್ರಶ್ನೆಗೆ ಉತ್ತರ ಹುಡುಕಿ ದೂರ ಹೋಗಬೇಕಿಲ್ಲ. ಮನೆಯ ಗೋಡೆಗೆ, ತೋಟದ ಕಟ್ಟೆಗೆ ಬಳಸುವ ಜಂಬಿಟ್ಟಿಗೆ ಕಲ್ಲಿನ ಒಂದು ತುಂಡು ಸಾಕು. ಒಣಗಿದ ತುಂಡಿನ ಮೇಲೆ ಒಂದು ಲೋಟ ನೀರು ಸುರಿಯಿರಿ. ಕಲ್ಲು ಅದನ್ನು ಕುಡಿದುಬಿಡುತ್ತದೆ. ಈಗ ಕಲ್ಲನ್ನು ಮಗುಚಿ ಹಿಡಿಯಿರಿ. ಕೆಲವು ಹನಿ ಉದುರಬಹುದು, ಉಳಿದದ್ದು ಬರುವುದಿಲ್ಲ. ಕಲ್ಲಿನಲ್ಲಿ ಎಷ್ಟು ಖಾಲಿ ಜಾಗವಿದೆ ಎಂಬುದು ಅದರ ಸರಂಧ್ರತೆ. ಆ ಖಾಲಿ ಜಾಗಗಳು ಒಂದಕ್ಕೊಂದು ಎಷ್ಟು ಸಲೀಸಾಗಿ ಕೂಡಿಕೊಂಡಿವೆ ಎಂಬುದು ಅದರ ಪಾರಗಮ್ಯತೆ. ಮೊದಲನೆಯದು ಎಷ್ಟು ಎಣ್ಣೆ ಇದೆ ಎಂಬುದನ್ನು ಹೇಳುತ್ತದೆ, ಎರಡನೆಯದು ಅದು ಎಷ್ಟು ಸುಲಭವಾಗಿ ಹರಿದು ಬರುತ್ತದೆ ಎಂಬುದನ್ನು.

ತೈಲವಿರುವುದು ಇಂಥದೇ ಕಲ್ಲಿನ ರಂಧ್ರಗಳಲ್ಲಿ. ಆದರೆ ಆ ಕಲ್ಲು ಜಂಬಿಟ್ಟಿಗೆಯಲ್ಲ, ಸಮುದ್ರದ ಅಥವಾ ನದಿಮುಖಗಳ ತಳದಲ್ಲಿ ಪದರಪದರವಾಗಿ ಕೂತ ಮರಳುಗಲ್ಲು ಇಲ್ಲವೇ ಸುಣ್ಣಶಿಲೆ. ಅದರ ರಂಧ್ರಗಳಾದರೋ ಅನೇಕ ವೇಳೆ ಕೂದಲಿಗಿಂತ ಕಿರಿದು. ಜೀವಿಗಳ ಅವಶೇಷ ಕೆಸರಿನಲ್ಲಿ ಹೂತು, ಕೋಟ್ಯಂತರ ವರ್ಷ ಶಾಖ ಮತ್ತು ಒತ್ತಡಕ್ಕೆ ಸಿಕ್ಕಿ ಎಣ್ಣೆಯಾಗಿ, ಮೇಲಕ್ಕೆ ಜಿನುಗುತ್ತ ಬಂದು ಇಂಥ ಕಲ್ಲಿನಲ್ಲಿ ಸೇರಿಕೊಂಡಿತು. ಅದರ ಮೇಲೆ ಜೇಡಿಶಿಲೆಯ ಬಿಗಿಯಾದ ಮುಚ್ಚಳ ಇದ್ದರೆ ಅಲ್ಲೇ ನಿಂತಿತು.

ಮಲೆನಾಡಿನ ಕೆಳಗೆ ಇರುವುದು ನೀಸ್ ಮತ್ತು ಧಾರವಾಡ ವರ್ಗದ ಶಿಲೆಗಳು. ಇವು 250 ಕೋಟಿ ವರ್ಷಗಳಿಗಿಂತ ಹಳೆಯವು, ಶಾಖ ಒತ್ತಡಗಳಿಂದ ರೂಪಾಂತರ ಹೊಂದಿದವು. ತೈಲಕ್ಕೆ ಮೂಲವಾಗುವ ಹೇರಳ ಜೀವರಾಶಿ ಭೂಮಿಯ ಮೇಲೆ ಮೂಡುವ ಎಷ್ಟೋ ಮೊದಲೇ ಇವು ಗಟ್ಟಿಯಾಗಿದ್ದವು. ಆದ್ದರಿಂದ ಹುಂಚದ ನೆಲದಲ್ಲಿ ತೈಲ ಹುಡುಕುವುದು ವ್ಯರ್ಥ. ಆದರೂ ಅಲ್ಲಿಗೆ ಬರುವ ಬಸ್ಸಿನ ಡೀಸೆಲ್, ಅಡಿಗೆಮನೆಯ ಸಿಲಿಂಡರು ಎಲ್ಲವೂ ಎಲ್ಲೋ ಒಂದು ಕಡೆ ಕಲ್ಲಿನ ರಂಧ್ರದಿಂದ ಹೊರಬಂದವೇ.

ಮೊದಲ ಬೆಳೆ: ನಿಸರ್ಗದ ಒತ್ತಡ

1859ರ ಆಗಸ್ಟ್ 27ರಂದು ಅಮೆರಿಕದ ಪೆನ್ಸಿಲ್ವೇನಿಯಾದ ಟೈಟಸ್‌ವಿಲ್ ಬಳಿ ಎಡ್ವಿನ್ ಡ್ರೇಕ್ ಕೊರೆಸಿದ ಬಾವಿಯಲ್ಲಿ ಕೇವಲ 21 ಮೀಟರ್ ಆಳದಲ್ಲಿ ತೈಲ ಸಿಕ್ಕಿತು. ಮೂವತ್ತು ವರ್ಷಗಳ ಅನಂತರ, 1889ರಲ್ಲಿ, ಅಸ್ಸಾಮಿನ ದಿಗ್ಬೋಯಿಯಲ್ಲಿ ಕೊರೆತ ಪ್ರಾರಂಭವಾಯಿತು. ಮರದ ದಿಮ್ಮಿ ಎಳೆಯುತ್ತಿದ್ದ ಆನೆಗಳ ಕಾಲಿಗೆ ಎಣ್ಣೆ ಮೆತ್ತಿದ್ದನ್ನು ಕಂಡು ಅಲ್ಲಿ ಅಗೆದರೆಂಬ ಐತಿಹ್ಯವೂ ಇದೆ. 1901ರಲ್ಲಿ ದಿಗ್ಬೋಯಿಯ ಸಂಸ್ಕರಣಾಗಾರ ಕೆಲಸ ಆರಂಭಿಸಿತು. ಆ ಪುಟ್ಟ ಕ್ಷೇತ್ರದಲ್ಲಿ ಒಂದು ಸಾವಿರಕ್ಕೂ ಹೆಚ್ಚು ಬಾವಿಗಳನ್ನು ಕೊರೆಯಲಾಯಿತು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅದರ ಉತ್ಪಾದನೆ ದಿನಕ್ಕೆ ಸುಮಾರು 7,000 ಪೀಪಾಯಿಯ ಶಿಖರ ಮುಟ್ಟಿತು. ಒಂದು ಪೀಪಾಯಿ ಎಂದರೆ 159 ಲೀಟರ್.

ಆ ಕಾಲದ ವಿಧಾನ ಸರಳವಾದದ್ದು. ಬಾವಿ ಕೊರೆ, ಬಂದಷ್ಟು ತೆಗೆ, ನಿಂತರೆ ಪಕ್ಕದಲ್ಲಿ ಇನ್ನೊಂದು ಕೊರೆ. ತೈಲವನ್ನು ಮೇಲಕ್ಕೆ ತಳ್ಳುತ್ತಿದ್ದುದು ನಿಸರ್ಗದ ಒತ್ತಡ. ಸೋಡಾ ಬಾಟಲಿಯ ಮುಚ್ಚಳ ತೆಗೆದಾಗ ನೊರೆ ಉಕ್ಕಿ ಬರುವುದನ್ನು ನೀವು ನೋಡಿದ್ದೀರಿ. ತೈಲದಲ್ಲೂ ಹೀಗೆಯೇ ಅನಿಲ ಕರಗಿರುತ್ತದೆ. ಕೆಲವು ಕಡೆ ತೈಲದ ಮೇಲೆ ಅನಿಲದ ಟೋಪಿ ಇರುತ್ತದೆ, ಇನ್ನು ಕೆಲವು ಕಡೆ ಕೆಳಗಿನಿಂದ ನೀರು ಒತ್ತುತ್ತಿರುತ್ತದೆ. ಒತ್ತಡ ಕಡಿಮೆಯಾದಂತೆ ಬಾವಿಯ ಹರಿವೂ ಕುಗ್ಗುತ್ತದೆ. ಕರಗಿದ ಅನಿಲವೊಂದನ್ನೇ ನಂಬಿದ ಕ್ಷೇತ್ರದಲ್ಲಿ ಹೀಗೆ ಸಿಗುವುದು ಬಹುಮಟ್ಟಿಗೆ ಶೇಕಡಾ 20ಕ್ಕೂ ಕಡಿಮೆ.

ಇಲ್ಲಿ ಒಂದು ಸೂಕ್ಷ್ಮವಿದೆ. ಮುಚ್ಚಳ ತೆಗೆದಿಟ್ಟ ಸೋಡಾ ಸಪ್ಪೆಯಾಗುತ್ತದೆ. ಅದಕ್ಕೆ ಮತ್ತೆ ಮುಚ್ಚಳ ಹಾಕಿದರೆ ಹಳೆಯ ಜೋರು ಬರುವುದಿಲ್ಲ. ತೈಲದ ಒತ್ತಡ ಒಂದು ಮಿತಿಗಿಂತ ಕೆಳಗಿಳಿದರೆ ಅನಿಲ ಗುಳ್ಳೆಗಳಾಗಿ ಬೇರ್ಪಡುತ್ತದೆ. ಎಣ್ಣೆಗಿಂತ ಅನಿಲ ಬಹಳ ಹಗುರವಾಗಿ ಹರಿಯುವುದರಿಂದ ಬಾವಿಯತ್ತ ಅದೇ ಮೊದಲು ಓಡುತ್ತದೆ. ಅನಿಲ ಕಳೆದುಕೊಂಡ ಎಣ್ಣೆ ಮತ್ತಷ್ಟು ಮಂದವಾಗಿ ಹಿಂದೆ ಉಳಿಯುತ್ತದೆ. ಈ ಮಿತಿಯನ್ನು ಕಾಯುವುದೇ ತೈಲಕ್ಷೇತ್ರದ ಆರೋಗ್ಯ ಕಾಯುವುದು. ಇದನ್ನು ಜ್ಞಾಪಕದಲ್ಲಿಟ್ಟುಕೊಳ್ಳಿ. ಮುಂದೆ ಮುಂಬೈ ಹೈನ ಕಥೆಯಲ್ಲಿ ಇದು ಬರುತ್ತದೆ.

ಶತ್ರುವೆನಿಸಿದ್ದ ನೀರು ಮಿತ್ರನಾದದ್ದು

ಪೆನ್ಸಿಲ್ವೇನಿಯಾದ ಹಳೆಯ ಬಾವಿಗಳ ಕೊಳವೆಗಳು ತುಕ್ಕು ಹಿಡಿದು, ಮೇಲಿನ ಪದರಗಳ ನೀರು ತೈಲದ ಪದರಕ್ಕೆ ನುಗ್ಗುತ್ತಿತ್ತು. ನೀರು ಎಣ್ಣೆಯನ್ನು ಹಾಳುಮಾಡುತ್ತದೆ ಎಂಬುದು ಆಗಿನ ಸರ್ವಸಮ್ಮತ ಅಭಿಪ್ರಾಯ. ಪಾಳುಬಿದ್ದ ಬಾವಿಗಳನ್ನು ಮುಚ್ಚಲೇಬೇಕೆಂಬ ಕಾನೂನೂ ಇತ್ತು. ಆದರೆ ಜಾನ್ ಕಾರ್ಲ್ ಎಂಬ ಭೂವಿಜ್ಞಾನಿ, ನೀರು ನುಗ್ಗಿದ ಬಾವಿಯ ಸುತ್ತಲಿನ ಬಾವಿಗಳಲ್ಲಿ ಎಣ್ಣೆ ಹೆಚ್ಚಬಹುದು ಎಂದು 1880ರಷ್ಟು ಹಿಂದೆಯೇ ಸೂಚಿಸಿದ. ಬ್ರಾಡ್‌ಫರ್ಡ್ ಕ್ಷೇತ್ರದ ಕೆಲವರು ಕದ್ದುಮುಚ್ಚಿ ನೀರು ಬಿಟ್ಟು ಲಾಭ ಕಂಡರು. ಕೊನೆಗೆ 1921ರಲ್ಲಿ ಕಾನೂನು ನೀರೂಡಿಕೆಗೆ ಒಪ್ಪಿಗೆ ಕೊಟ್ಟಿತು. 1881ರಲ್ಲಿ ಶಿಖರ ಮುಟ್ಟಿ ಇಳಿದಿದ್ದ ಬ್ರಾಡ್‌ಫರ್ಡ್, 1937ರಲ್ಲಿ ಎರಡನೆಯ ಶಿಖರ ಕಂಡಿತು. ಮುಪ್ಪಿನ ಕ್ಷೇತ್ರವೊಂದು ಅರ್ಧ ಶತಮಾನದ ಮೇಲೆ ಮತ್ತೆ ಚಿಗುರಿದ್ದು ಹೀಗೆ.

ಇದಕ್ಕೆ ಬೇಕಾದ ಗಣಿತದ ಬೀಜ ಮಾತ್ರ ತೈಲೋದ್ಯಮಕ್ಕಿಂತ ಹಳೆಯದು. ಫ್ರಾನ್ಸಿನ ಡೀಜಾನ್ ನಗರದ ಕುಡಿಯುವ ನೀರಿನ ವ್ಯವಸ್ಥೆ ನೋಡಿಕೊಂಡಿದ್ದ ಎಂಜಿನಿಯರ್ ಹೆನ್ರಿ ಡಾರ್ಸಿ, ಮರಳಿನ ಸೋಸುಗದ ಮೂಲಕ ನೀರು ಹರಿಯುವ ವೇಗ ಒತ್ತಡದ ವ್ಯತ್ಯಾಸವನ್ನು ಅನುಸರಿಸುತ್ತದೆ ಎಂದು 1856ರಲ್ಲಿ ಪ್ರಕಟಿಸಿದ. ಅದೇ ಮುಂದೆ ಡಾರ್ಸಿಯ ನಿಯಮವಾಗಿ ತೈಲಕ್ಷೇತ್ರಗಳ ಎಲ್ಲ ಲೆಕ್ಕಾಚಾರದ ತಳಹದಿಯಾಯಿತು.

ನೀರೂಡಿಕೆಯನ್ನು ಎರಡನೆಯ ಹಂತದ ಉತ್ಪಾದನೆ ಎನ್ನುತ್ತಾರೆ. ಕೆಲವು ಬಾವಿಗಳ ಮೂಲಕ ನೀರನ್ನು ಒಳಕ್ಕೆ ಒತ್ತುತ್ತಾರೆ, ಉಳಿದ ಬಾವಿಗಳ ಮೂಲಕ ಎಣ್ಣೆಯನ್ನು ಹೊರಕ್ಕೆ ತೆಗೆಯುತ್ತಾರೆ. ನೀರು ಒತ್ತಡವನ್ನು ಕಾಯುತ್ತದೆ, ಜೊತೆಗೆ ಎಣ್ಣೆಯನ್ನು ಮುಂದಕ್ಕೆ ದೂಡುತ್ತದೆ. ಆದರೆ ಯಾವುದೋ ನೀರನ್ನು ಹಾಗೆಯೇ ಸುರಿಯುವಂತಿಲ್ಲ. ಕಸವಿದ್ದರೆ ರಂಧ್ರಗಳು ಮುಚ್ಚಿಕೊಳ್ಳುತ್ತವೆ, ಆಕ್ಸಿಜನ್ ಇದ್ದರೆ ಕೊಳವೆಗಳು ತುಕ್ಕು ಹಿಡಿಯುತ್ತವೆ, ಕೆಲವು ಬ್ಯಾಕ್ಟೀರಿಯಗಳು ಬೆಳೆದರೆ ವಿಷಕಾರಿ ಹೈಡ್ರೊಜನ್ ಸಲ್ಫೈಡ್ ಹುಟ್ಟುತ್ತದೆ. ಆದ್ದರಿಂದ ಸೋಸಿ, ಆಕ್ಸಿಜನ್ ತೆಗೆದು, ಔಷಧ ಬೆರೆಸಿಯೇ ನೀರನ್ನು ಕಳಿಸಬೇಕು.

ಮುಂಬೈ ಹೈ ಕಲಿಸಿದ ಪಾಠ

1956ರಲ್ಲಿ ಸ್ಥಾಪನೆಯಾದ ತೈಲ ಮತ್ತು ನೈಸರ್ಗಿಕ ಅನಿಲ ಆಯೋಗ, ಅಂದರೆ ಇಂದಿನ ಓಎನ್‌ಜಿಸಿ, 1958ರಲ್ಲಿ ಖಂಭಾತ್ ಪ್ರದೇಶದಲ್ಲಿ, 1960ರಲ್ಲಿ ಅಂಕಲೇಶ್ವರದಲ್ಲಿ ತೈಲ ಕಂಡಿತು. 1974ರ ಫೆಬ್ರವರಿಯಲ್ಲಿ 'ಸಾಗರ್ ಸಮ್ರಾಟ್' ಎಂಬ ಕೊರೆಯುವ ನೌಕೆ ಮುಂಬೈ ತೀರದಿಂದ ಸುಮಾರು 160 ಕಿಲೋಮೀಟರ್ ದೂರದ ಸಮುದ್ರದಲ್ಲಿ ತೈಲ ಮುಟ್ಟಿತು. ಅದೇ ಬಾಂಬೆ ಹೈ, ಇಂದಿನ ಮುಂಬೈ ಹೈ. ಹಿಂದಿನ ವರ್ಷವಷ್ಟೇ ಅರಬ್ ದೇಶಗಳ ನಿರ್ಬಂಧದಿಂದ ತೈಲದ ಬೆಲೆ ಗಗನಕ್ಕೇರಿತ್ತು. ಹೀಗಾಗಿ 1976ರ ಮೇ ತಿಂಗಳಿನಲ್ಲೇ ಉತ್ಪಾದನೆ ಪ್ರಾರಂಭವಾಯಿತು. ಶೋಧದಿಂದ ಉತ್ಪಾದನೆಗೆ ಎರಡೇ ಚಿಲ್ಲರೆ ವರ್ಷ. ಸಮುದ್ರದ ಕ್ಷೇತ್ರಕ್ಕೆ ಇದು ಬಹಳ ವೇಗ.

ಆದರೆ ಒತ್ತಡ ಕಾಯುವ ನೀರೂಡಿಕೆ ಪ್ರಾರಂಭವಾದದ್ದು 1984ರಲ್ಲಿ, ಎಂಟು ವರ್ಷಗಳ ಮೇಲೆ. 1989ರಲ್ಲಿ ಉತ್ಪಾದನೆ ದಿನಕ್ಕೆ ಸುಮಾರು 4 ಲಕ್ಷ 76 ಸಾವಿರ ಪೀಪಾಯಿಯ ಶಿಖರ ತಲುಪಿತು. ಅನಂತರ ಬಾವಿಗಳಲ್ಲಿ ಎಣ್ಣೆಗೆ ಹೋಲಿಸಿದರೆ ಅನಿಲದ ಪ್ರಮಾಣ ಏರತೊಡಗಿತು. ಸೋಡಾ ಬಾಟಲಿಯ ಸಂಗತಿಯೇ. ಹೆಚ್ಚು ಅನಿಲ ಉಗುಳುವ ಬಾವಿಗಳನ್ನು ಮುಚ್ಚಿ ಕ್ಷೇತ್ರಕ್ಕೆ ವಿಶ್ರಾಂತಿ ಕೊಡಬೇಕಾಯಿತು. 1989-90ರಲ್ಲಿ ಸುಮಾರು 3.4 ಕೋಟಿ ಟನ್ ಇದ್ದ ದೇಶದ ಒಟ್ಟು ಕಚ್ಚಾತೈಲ ಉತ್ಪಾದನೆ 1992-93ರ ವೇಳೆಗೆ ಸುಮಾರು 2.7 ಕೋಟಿ ಟನ್ನಿಗೆ ಇಳಿಯಿತು. ಮುಂಬೈ ಹೈನ ಕುಸಿತ ಇದಕ್ಕೆ ಒಂದು ಮುಖ್ಯ ಕಾರಣ. ಇದೇ ಅವಧಿಯಲ್ಲಿ, 1990-91ರಲ್ಲಿ, ಕೊಲ್ಲಿ ಯುದ್ಧ ನಡೆದು ದೇಶದ ವಿದೇಶಿ ವಿನಿಮಯ ಬರಿದಾಗಿತ್ತು ಎಂಬುದನ್ನು ಇತಿಹಾಸದ ಅಧ್ಯಾಪಕರು ವಿದ್ಯಾರ್ಥಿಗಳಿಗೆ ನೆನಪಿಸಬಹುದು. ಕಲ್ಲಿನ ರಂಧ್ರದೊಳಗಿನ ಒತ್ತಡಕ್ಕೂ ದೇಶದ ಖಜಾನೆಗೂ ಇರುವ ನಂಟು ಇಷ್ಟು ಹತ್ತಿರದ್ದು.

2000ದ ಸುಮಾರಿಗೆ ಮುಂಬೈ ಹೈನ ಪುನರಭಿವೃದ್ಧಿ ಯೋಜನೆ ಕೈಗೆತ್ತಿಕೊಳ್ಳಲಾಯಿತು. ಹಳೆಯ ಬಾವಿಯ ಅರ್ಧದಿಂದ ಪಕ್ಕಕ್ಕೆ ತಿರುಗಿಸಿ ಹೊಸ ಕವಲು ಕೊರೆಯುವುದು, ತೈಲದ ತೆಳುಪದರದಲ್ಲಿ ಅಡ್ಡಡ್ಡವಾಗಿ ಬಾವಿ ಸಾಗಿಸುವುದು ಇದರ ಮುಖ್ಯ ಉಪಾಯಗಳು. ನೇರ ಬಾವಿ ಹತ್ತಿಪ್ಪತ್ತು ಮೀಟರ್ ದಪ್ಪದ ಪದರವನ್ನು ಒಂದೇ ಕಡೆ ಚುಚ್ಚಿದರೆ, ಅಡ್ಡ ಬಾವಿ ಅದೇ ಪದರದೊಳಗೆ ನೂರಾರು ಮೀಟರ್ ಓಡುತ್ತದೆ. ಕ್ಷೇತ್ರದ ಇಳಿತ ಇದರಿಂದ ನಿಧಾನವಾಯಿತು. 2025ರ ಜನವರಿಯಲ್ಲಿ ಈ ಕ್ಷೇತ್ರದ ಉತ್ಪಾದನೆ ಹೆಚ್ಚಿಸಲು ತಾಂತ್ರಿಕ ನೆರವಿಗಾಗಿ ಬಿಪಿ ಕಂಪನಿಯನ್ನು ಓಎನ್‌ಜಿಸಿ ಆರಿಸಿಕೊಂಡಿತು. ಐವತ್ತು ತುಂಬಿದ ಕ್ಷೇತ್ರದಲ್ಲಿ ಇನ್ನೂ ಪಡೆಯುವಂಥದು ಉಳಿದಿದೆ ಎಂಬುದಕ್ಕೆ ಇದೇ ಸಾಕ್ಷಿ.

ಜಿಡ್ಡಿನ ಪಾತ್ರೆಯ ವಿಜ್ಞಾನ

ನೀರು ಹಾಯಿಸಿದ ಮೇಲೂ ಅರ್ಧಕ್ಕಿಂತ ಹೆಚ್ಚು ಎಣ್ಣೆ ಸಾಮಾನ್ಯವಾಗಿ ಉಳಿಯುತ್ತದೆ. ಏಕೆ? ಜಿಡ್ಡು ಮೆತ್ತಿದ ಪಾತ್ರೆಯನ್ನು ತಣ್ಣೀರಿನಿಂದ ತೊಳೆದು ನೋಡಿ. ನೀರು ಜಾರಿ ಹೋಗುತ್ತದೆ, ಜಿಡ್ಡು ಹಾಗೆಯೇ ಇರುತ್ತದೆ. ಇದಕ್ಕೆ ಎರಡು ಕಾರಣ. ಎಣ್ಣೆಯ ಸ್ನಿಗ್ಧತೆ ನೀರಿಗಿಂತ ಹೆಚ್ಚು. ಹೀಗಾಗಿ ನೀರು ಎಣ್ಣೆಯನ್ನು ಸಮನಾಗಿ ದೂಡದೆ, ಅದರ ನಡುವೆ ಬೆರಳು ಬೆರಳಾಗಿ ದಾರಿ ಮಾಡಿಕೊಂಡು ಬಾವಿ ಸೇರಿಬಿಡುತ್ತದೆ. ಎರಡನೆಯದು, ನೀರು ಎಣ್ಣೆಗಳ ನಡುವಣ ಮೇಲ್ಮೈ ಕರ್ಷಣ. ಇದರಿಂದ ಎಣ್ಣೆ ಹನಿಯಾಗಿ ದುಂಡಗೆ ನಿಂತು, ರಂಧ್ರದ ಕಿರಿದಾದ ಕೊರಳಿನಲ್ಲಿ ಸಿಕ್ಕಿಕೊಳ್ಳುತ್ತದೆ.

ನಮ್ಮ ಹಳ್ಳಿಯ ಅಡಿಗೆಮನೆ ಇದಕ್ಕೆ ಉತ್ತರಗಳನ್ನು ಯಾವಾಗಲೋ ಕಂಡುಕೊಂಡಿದೆ. ಬಿಸಿನೀರು ಹಾಕಿದರೆ ಜಿಡ್ಡು ಕರಗಿ ತೆಳುವಾಗುತ್ತದೆ. ಒಲೆಯ ಬೂದಿಯಲ್ಲಿರುವ ಕ್ಷಾರ ಜಿಡ್ಡಿನೊಡನೆ ಸೇರಿ ಸಾಬೂನಿನಂಥ ವಸ್ತುವಾಗುತ್ತದೆ. ಅಂಟುವಾಳದ ನೊರೆ ಮೇಲ್ಮೈ ಕರ್ಷಣವನ್ನು ಇಳಿಸುತ್ತದೆ. ತಲೆಗೆ ಹಚ್ಚುವ ದಾಸವಾಳದ ಲೋಳೆ ನೀರನ್ನು ಮಂದವಾಗಿಸುತ್ತದೆ. ತೈಲಕ್ಷೇತ್ರದ ಮೂರನೆಯ ಹಂತದ ವಿಧಾನಗಳು ತತ್ತ್ವದಲ್ಲಿ ಇವೇ. ಉಗಿ ಅಥವಾ ಬೆಂಕಿ ಬಿಸಿನೀರಿನ ಕೆಲಸ ಮಾಡುತ್ತದೆ. ಸೋಡಿಯಮ್ ಕಾರ್ಬೊನೇಟಿನಂಥ ಕ್ಷಾರ ಬೂದಿಯ ಸ್ಥಾನದಲ್ಲಿದೆ. ಸರ್ಫ್ಯಾಕ್ಟೆಂಟ್ ಎಂಬ ಮಾರ್ಜಕ ಅಂಟುವಾಳಕ್ಕೆ ಸಮ, ಪಾಲಿಮರ್ ಲೋಳೆಗೆ ಸಮ. ಒಳ್ಳೆಯ ಸರ್ಫ್ಯಾಕ್ಟೆಂಟು ಮೇಲ್ಮೈ ಕರ್ಷಣವನ್ನು ಸಾವಿರದಲ್ಲೊಂದು ಪಾಲಿಗೆ ಇಳಿಸಬಲ್ಲದು. ಆಗ ಹನಿ ತನ್ನ ದುಂಡಗಿನ ಆಕಾರ ಬಿಟ್ಟು ಕಿರಿಕೊರಳಿನೊಳಗೆ ನುಸುಳುತ್ತದೆ. ಪಾಲಿಮರಾದರೋ ಲೀಟರಿಗೆ ಒಂದೆರಡು ಗ್ರಾಂ ಸಾಕು. ನೀರು ದಪ್ಪವಾಗಿ ಬೆರಳುಗಳಾಗಿ ಒಡೆಯದೆ ಒಂದು ಗೋಡೆಯಂತೆ ಮುಂದುವರಿಯುತ್ತದೆ.

ಗುಜರಾತಿನಲ್ಲಿ ನೆಲದಡಿಯ ಬೆಂಕಿ

ಈ ತಂತ್ರಗಳನ್ನು ನಮ್ಮ ದೇಶಕ್ಕೆ ಹೊಂದಿಸಲು ಓಎನ್‌ಜಿಸಿ 1978ರಲ್ಲಿ ಅಹಮದಾಬಾದಿನಲ್ಲಿ ತೈಲಾಗಾರಗಳ ಅಧ್ಯಯನ ಸಂಸ್ಥೆಯನ್ನು ಸ್ಥಾಪಿಸಿತು. ಗುಜರಾತಿನ ಸಾನಂದ್ ಕ್ಷೇತ್ರದಲ್ಲಿ 1985ರಲ್ಲಿ ಪಾಲಿಮರ್ ಪ್ರಯೋಗ ನಡೆಯಿತು. ಆದರೆ ಎಲ್ಲಕ್ಕಿಂತ ಸಾಹಸದ ಪ್ರಯೋಗ ಮೆಹ್ಸಾಣಾ ಜಿಲ್ಲೆಯ ಬಾಲೋಲ್ ಮತ್ತು ಸಾಂಥಾಲ್ ಕ್ಷೇತ್ರಗಳದು.

ಅಲ್ಲಿನ ಎಣ್ಣೆ ಸುಮಾರು 1,000 ಮೀಟರ್ ಆಳದಲ್ಲಿದೆ, ನೀರಿಗಿಂತ ನೂರಾರು ಪಟ್ಟು ಮಂದ. ಸುತ್ತಲಿನ ನೀರು ತೆಳು, ಎಣ್ಣೆ ಮಂದ. ಹೀಗಾಗಿ ಬಾವಿಗೆ ಬರುತ್ತಿದ್ದುದು ಹೆಚ್ಚಾಗಿ ನೀರೇ. ಸಾಮಾನ್ಯ ವಿಧಾನದಲ್ಲಿ ಸಿಗಬಹುದಾಗಿದ್ದುದು ಶೇಕಡಾ 10ರಿಂದ 15ರಷ್ಟು. 1990ರಲ್ಲಿ ಬಾಲೋಲ್‌ನಲ್ಲಿ ನೆಲದಡಿಯ ಎಣ್ಣೆಗೇ ಬೆಂಕಿ ಹಚ್ಚುವ ಪ್ರಾಯೋಗಿಕ ಕಾರ್ಯ ಆರಂಭವಾಯಿತು. 1997ರಲ್ಲಿ ಅದನ್ನು ವಾಣಿಜ್ಯ ಪ್ರಮಾಣಕ್ಕೆ ವಿಸ್ತರಿಸಲಾಯಿತು.

ಬೆಂಕಿ ಹಚ್ಚಿದರೆ ಎಣ್ಣೆಯೆಲ್ಲ ಸುಟ್ಟುಹೋಗುವುದಿಲ್ಲವೇ ಎಂದು ನೀವು ಕೇಳಬಹುದು. ಬಾವಿಯೊಳಕ್ಕೆ ಗಾಳಿ ಒತ್ತಿದಷ್ಟು ಮಾತ್ರ ಬೆಂಕಿ ಉರಿಯುತ್ತದೆ. ಶಾಖಕ್ಕೆ ಎಣ್ಣೆಯ ಹಗುರ ಭಾಗಗಳು ಮುಂದೆ ಸರಿಯುತ್ತವೆ. ಕಲ್ಲಿಗೆ ಅಂಟಿ ಉಳಿಯುವ ಅತಿ ಭಾರದ, ಇದ್ದಿಲಿನಂಥ ಭಾಗವೇ ಸೌದೆಯಾಗುತ್ತದೆ. ಬೆಂಕಿಯ ಮುಂದೆ ಉಗಿ, ಬಿಸಿಯಾಗಿ ತೆಳುವಾದ ಎಣ್ಣೆ, ಇಂಗಾಲದ ಡೈಆಕ್ಸೈಡು ಇವೆಲ್ಲ ಒಟ್ಟಾಗಿ ಉತ್ಪಾದನಾ ಬಾವಿಯತ್ತ ಸಾಗುತ್ತವೆ. ಸ್ವಲ್ಪ ಕೆಳದರ್ಜೆಯ ಎಣ್ಣೆಯನ್ನು ಬಲಿಗೊಟ್ಟು ಉಳಿದದ್ದನ್ನು ಪಡೆಯುವ ಲೆಕ್ಕ ಇದು. ಅಪಾಯವೂ ಇದೆ. ಸುಡದೆ ಉಳಿದ ಆಕ್ಸಿಜನ್ ಉತ್ಪಾದನಾ ಬಾವಿ ತಲುಪಿದರೆ ಅಲ್ಲಿ ಸ್ಫೋಟವಾಗಬಹುದು. ಆದ್ದರಿಂದ ಹೊರಬರುವ ಅನಿಲಗಳನ್ನು ಸದಾ ಪರೀಕ್ಷಿಸುತ್ತಿರಬೇಕು.

ಮುರುಗಲು ತುಪ್ಪದಂಥ ಎಣ್ಣೆ

ಸಾಗರ, ಹೊಸನಗರದ ಹಳ್ಳಿಗಳಲ್ಲಿ ಮುರುಗಲು ಮತ್ತು ಉಪ್ಪಾಗೆಯ ಬೀಜದಿಂದ ತುಪ್ಪ ತೆಗೆಯುವುದನ್ನು ನೀವು ಕಂಡಿರಬಹುದು. ಬೀಜವನ್ನು ಜಜ್ಜಿ ನೀರಿನಲ್ಲಿ ಕುದಿಸುತ್ತಾರೆ. ಕರಗಿ ತೇಲಿದ ಜಿಡ್ಡನ್ನು ತೆಗೆದು ಆರಿಸಿದರೆ ಗಟ್ಟಿಯಾಗುತ್ತದೆ. ಮುರುಗಲು ತುಪ್ಪ ಕರಗುವುದು ಸುಮಾರು 40 ಡಿಗ್ರಿ ಸೆಲ್ಸಿಯಸ್‌ನಲ್ಲಿ. ತಣ್ಣೀರಿನಿಂದ ಆ ಬೀಜದ ಜಿಡ್ಡು ಎಂದೂ ಹೊರಬರುವುದಿಲ್ಲ.

ರಾಜಸ್ಥಾನದ ಬಾಡ್‌ಮೇರ್ ಜಿಲ್ಲೆಯಲ್ಲಿ 2004ರ ಜನವರಿಯಲ್ಲಿ ಕೇರ್ನ್ ಕಂಪನಿ ಕಂಡುಹಿಡಿದ ಮಂಗಲಾ ಕ್ಷೇತ್ರದ ಎಣ್ಣೆ ಇದೇ ಸ್ವಭಾವದ್ದು. ಮೇಣ ಹೆಚ್ಚಾಗಿರುವ ಈ ಎಣ್ಣೆ 40 ಡಿಗ್ರಿಗಿಂತ ತುಸು ಮೇಲೆಯೇ ಹರಿಯುವುದನ್ನು ನಿಲ್ಲಿಸುತ್ತದೆ. ನೆಲದಡಿ 60 ಡಿಗ್ರಿಗೂ ಮೀರಿದ ಶಾಖವಿರುವುದರಿಂದ ಅಲ್ಲಿ ದ್ರವವಾಗಿರುತ್ತದೆ. ತಣ್ಣನೆಯ ನೀರು ಊಡಿದ್ದರೆ ಕಲ್ಲಿನೊಳಗೇ ಹೆಪ್ಪುಗಟ್ಟಿ ಕೆಲಸ ಕೆಡುತ್ತಿತ್ತು. ಆದ್ದರಿಂದ 2009ರ ಆಗಸ್ಟ್‌ನಲ್ಲಿ ಉತ್ಪಾದನೆ ಆರಂಭವಾದಾಗಲೇ ಬಿಸಿನೀರಿನ ಊಡಿಕೆ ಯೋಜನೆಯಲ್ಲಿತ್ತು. ಗುಜರಾತಿನ ಕರಾವಳಿಯವರೆಗೆ 600 ಕಿಲೋಮೀಟರಿಗೂ ಉದ್ದದ ಕೊಳವೆಮಾರ್ಗವನ್ನು ಉದ್ದಕ್ಕೂ ಬಿಸಿಯಾಗಿಡುವ ಏರ್ಪಾಟು ಮಾಡಲಾಯಿತು. ಮರುಭೂಮಿಯಲ್ಲಿ ಕುಡಿಯುವ ನೀರನ್ನು ಮುಟ್ಟದೆ ಥುಂಬ್ಲಿ ಎಂಬಲ್ಲಿನ ಉಪ್ಪು ಅಂತರ್ಜಲವನ್ನು ಬಳಸಲಾಯಿತು. 2011ರಲ್ಲಿ ಪಾಲಿಮರಿನ ಪ್ರಾಯೋಗಿಕ ಊಡಿಕೆ, 2014ರಲ್ಲಿ ಇಡೀ ಕ್ಷೇತ್ರಕ್ಕೆ ಅದರ ವಿಸ್ತರಣೆ ನಡೆಯಿತು. ಮುಂದೆ ಕ್ಷಾರ, ಸರ್ಫ್ಯಾಕ್ಟೆಂಟ್, ಪಾಲಿಮರ್ ಮೂರನ್ನೂ ಕೂಡಿಸಿದ ಪ್ರಯೋಗವೂ ಆಯಿತು.

ಮುಂಬೈ ಹೈಗೂ ಮಂಗಲಾಕ್ಕೂ ಇರುವ ವ್ಯತ್ಯಾಸ ಗಮನಿಸಿ. ಮೊದಲನೆಯದರಲ್ಲಿ ಮೊದಲು ಎಣ್ಣೆ, ಎಂಟು ವರ್ಷದ ಮೇಲೆ ನೀರು. ಎರಡನೆಯದರಲ್ಲಿ ಎಣ್ಣೆಯ ಜೊತೆಗೇ ನೀರು, ಐದು ವರ್ಷದಲ್ಲಿ ಪಾಲಿಮರ್. ಮುಪ್ಪಿಗೆ ಔಷಧ ಹುಡುಕುವ ಬದಲು ಯೌವನದಲ್ಲೇ ಆರೋಗ್ಯ ಕಾಯುವುದು ಲೇಸು ಎಂಬುದನ್ನು ತೈಲವಿಜ್ಞಾನ ದುಬಾರಿ ಬೆಲೆ ತೆತ್ತು ಕಲಿತಿದೆ.

ಅನಿಲದ ಕಥೆ ಬೇರೆ

ನೈಸರ್ಗಿಕ ಅನಿಲದ ಕ್ಷೇತ್ರಗಳಲ್ಲಿ ಶೇಕಡಾ 70ರಿಂದ 90ರಷ್ಟನ್ನು ಪಡೆಯಬಹುದು. ಅನಿಲ ತಾನೇ ಹಿಗ್ಗಿ ಹೊರಬರುವುದರಿಂದ ಅದನ್ನು ದೂಡಬೇಕಿಲ್ಲ. ಇಲ್ಲಿ ನೀರು ಮಿತ್ರನಲ್ಲ. ಒತ್ತಡ ಇಳಿದ ಜಾಗಕ್ಕೆ ಸುತ್ತಲಿನ ನೀರು ನುಗ್ಗಿದರೆ ಅನಿಲ ಗುಳ್ಳೆಗಳಾಗಿ ರಂಧ್ರಗಳಲ್ಲಿ ಸೆರೆಸಿಕ್ಕುತ್ತದೆ. ಬಾವಿಯ ತಳದಲ್ಲಿ ನೀರು ನಿಂತರೆ, ಬಲಗುಂದಿದ ಅನಿಲ ಅದನ್ನು ಎತ್ತಲಾರದೆ ಬಾವಿ ಕಟ್ಟಿಕೊಳ್ಳುತ್ತದೆ. ಕಿರಿದಾದ ಕೊಳವೆ ಇಳಿಸಿ ಅನಿಲದ ವೇಗ ಹೆಚ್ಚಿಸುವುದು, ನೊರೆ ಬರಿಸುವ ಸಾಬೂನು ಹಾಕಿ ನೀರನ್ನು ಹಗುರಗೊಳಿಸುವುದು, ಮೇಲೆ ಸಂಪೀಡಕ ಯಂತ್ರಗಳನ್ನಿಟ್ಟು ಅನಿಲವನ್ನು ಸೆಳೆಯುವುದು ಇದಕ್ಕೆ ಪರಿಹಾರಗಳು.

ಕೃಷ್ಣಾ-ಗೋದಾವರಿ ಕಣಿವೆಯ ಆಳಸಮುದ್ರದಲ್ಲಿ 2009ರ ಏಪ್ರಿಲ್‌ನಲ್ಲಿ ಉತ್ಪಾದನೆ ಆರಂಭಿಸಿದ ಡಿ1-ಡಿ3 ಅನಿಲ ಕ್ಷೇತ್ರ ಮರುವರ್ಷವೇ ಶಿಖರ ಮುಟ್ಟಿ ಬೇಗನೆ ಇಳಿಯಿತು. ಬಾವಿಗಳಿಗೆ ನೀರು ಮತ್ತು ಮರಳು ನುಗ್ಗಿದವು. 2020ರ ಫೆಬ್ರವರಿಯಲ್ಲಿ ಅದು ನಿಂತೇ ಹೋಯಿತು. ಕ್ಷೇತ್ರದ ಆಯುಷ್ಯ ಅದರ ಹುಟ್ಟಿದ ವರ್ಷದಿಂದಲ್ಲ, ಒಳಗಿನ ಒತ್ತಡದಿಂದ ಲೆಕ್ಕವಾಗುತ್ತದೆ.

ಹೊಗೆಯನ್ನು ನೆಲಕ್ಕೆ ಕಳಿಸುವುದು

ಇಂಗಾಲದ ಡೈಆಕ್ಸೈಡನ್ನು ಹೆಚ್ಚಿನ ಒತ್ತಡದಲ್ಲಿ ಊಡಿದರೆ ಅದು ಎಣ್ಣೆಯಲ್ಲಿ ಕರಗಿ, ಎಣ್ಣೆ ಉಬ್ಬಿ ತೆಳುವಾಗುತ್ತದೆ. ಅಮೆರಿಕದ ಟೆಕ್ಸಾಸ್‌ನಲ್ಲಿ 1972ರಲ್ಲಿ ಇದು ವಾಣಿಜ್ಯ ಪ್ರಮಾಣದಲ್ಲಿ ಆರಂಭವಾಯಿತು. ಕೆನಡಾದ ವೇಬರ್ನ್ ಕ್ಷೇತ್ರಕ್ಕೆ 2000ದಿಂದ ಒಂದು ಕಾರ್ಖಾನೆಯ ತ್ಯಾಜ್ಯ ಅನಿಲವನ್ನೇ ಕೊಳವೆಯಲ್ಲಿ ತರಲಾಯಿತು. ಊಡಿದ ಅನಿಲದ ಒಂದು ಭಾಗ ಎಣ್ಣೆಯೊಡನೆ ಮರಳಿದರೂ ಅದನ್ನು ಮತ್ತೆ ಊಡಬಹುದು, ಕೊನೆಗೆ ಬಹುಪಾಲು ನೆಲದಲ್ಲೇ ಉಳಿಯುತ್ತದೆ. ನಮ್ಮಲ್ಲಿ ಕೊಯಲಿ ಸಂಸ್ಕರಣಾಗಾರದ ಅನಿಲವನ್ನು ಗುಜರಾತಿನ ಗಂಧಾರ್ ಕ್ಷೇತ್ರಕ್ಕೆ ಊಡುವ ಕುರಿತು ಇಂಡಿಯನ್ ಆಯಿಲ್ ಮತ್ತು ಓಎನ್‌ಜಿಸಿ 2019ರಲ್ಲಿ ಒಪ್ಪಂದ ಮಾಡಿಕೊಂಡವು. ಆದರೆ ಹೀಗೆ ಪಡೆದ ಎಣ್ಣೆ ಉರಿದಾಗ ಮತ್ತೆ ಹೊಗೆ ಬರುವುದಷ್ಟೆ? ಎಷ್ಟು ಹೂತೆವು, ಎಷ್ಟು ಸುಟ್ಟೆವು ಎಂಬ ಜಮಾಖರ್ಚನ್ನು ಪ್ರಾಮಾಣಿಕವಾಗಿ ಬರೆಯಬೇಕು.

ಕರ್ನಾಟಕಕ್ಕೆ ಏನು ಸಂಬಂಧ?

ನಮ್ಮ ರಾಜ್ಯದಲ್ಲಿ ತೈಲಕ್ಷೇತ್ರವಿಲ್ಲ, ಸಂಸ್ಕರಣಾಗಾರವಿದೆ. 1988ರಲ್ಲಿ ಸ್ಥಾಪಿತವಾದ ಮಂಗಳೂರಿನ ಎಂಆರ್‌ಪಿಎಲ್ 1996ರಲ್ಲಿ ಕೆಲಸ ಆರಂಭಿಸಿ, 2003ರಲ್ಲಿ ಓಎನ್‌ಜಿಸಿಯ ಅಂಗಸಂಸ್ಥೆಯಾಯಿತು. ವರ್ಷಕ್ಕೆ ಸುಮಾರು 1.5 ಕೋಟಿ ಟನ್ ಸಂಸ್ಕರಿಸುವ ಸಾಮರ್ಥ್ಯ ಇದರದು. ಮುಂಬೈ ಹೈನ ಎಣ್ಣೆಯೂ ಮಂಗಲಾದ ಎಣ್ಣೆಯೂ ಇಲ್ಲಿಗೆ ಬಂದಿವೆ. ಉಳಿದ ಬಹುಭಾಗ ಹೊರದೇಶಗಳಿಂದ ಹಡಗಿನಲ್ಲಿ ಬರುತ್ತದೆ.

ಇನ್ನೊಂದು ಸಂಬಂಧ ಸ್ವಾರಸ್ಯಕರವಾದದ್ದು. ತೈಲ ಸಿಗದಂತೆ ಮಾಡಿರುವ ನಮ್ಮ ಗಟ್ಟಿ ಬಂಡೆಯೇ ತೈಲ ಕೂಡಿಡಲು ಉತ್ತಮ. ತುರ್ತು ಕಾಲಕ್ಕೆಂದು ಮಂಗಳೂರಿನಲ್ಲಿ 15 ಲಕ್ಷ ಟನ್, ಉಡುಪಿ ಜಿಲ್ಲೆಯ ಪಾದೂರಿನಲ್ಲಿ 25 ಲಕ್ಷ ಟನ್ ಕಚ್ಚಾತೈಲ ಹಿಡಿಸುವ ಗುಹೆಗಳನ್ನು ಬಂಡೆಯಲ್ಲಿ ಕೊರೆಯಲಾಗಿದೆ. ಅವುಗಳ ಸುತ್ತಲಿನ ಬಿರುಕುಗಳಲ್ಲಿ ಅಂತರ್ಜಲದ ಒತ್ತಡವನ್ನು ಕಾಯ್ದುಕೊಂಡು, ಎಣ್ಣೆ ಸೋರಿಹೋಗದಂತೆ ನೋಡಿಕೊಳ್ಳುತ್ತಾರೆ. ಗುಜರಾತಿನಲ್ಲಿ ಎಣ್ಣೆಯನ್ನು ಹೊರದೂಡುವ ನೀರು, ಪಾದೂರಿನಲ್ಲಿ ಎಣ್ಣೆಯನ್ನು ಒಳಗೆ ಹಿಡಿದಿಡುತ್ತದೆ. ನಿಯಮ ಒಂದೇ, ದ್ರವ ಹರಿಯುವುದು ಹೆಚ್ಚಿನ ಒತ್ತಡದಿಂದ ಕಡಿಮೆ ಒತ್ತಡದ ಕಡೆಗೆ.

ಲೆಕ್ಕ ಹಾಕಿ ನೋಡಿ

2011-12ರಲ್ಲಿ ಸುಮಾರು 3.8 ಕೋಟಿ ಟನ್ ಇದ್ದ ದೇಶದ ಕಚ್ಚಾತೈಲ ಉತ್ಪಾದನೆ 2023-24ರಲ್ಲಿ ಸುಮಾರು 2.9 ಕೋಟಿ ಟನ್ನಿಗೆ ಇಳಿದಿತ್ತು. ಆ ವರ್ಷ ಬೇಕಾದ ತೈಲದಲ್ಲಿ ಶೇಕಡಾ 87ಕ್ಕಿಂತ ಹೆಚ್ಚು ಆಮದು. ಕೇಂದ್ರ ಸರ್ಕಾರ 2018ರಲ್ಲಿ ಹಳೆಯ ಕ್ಷೇತ್ರಗಳಿಂದ ಹೆಚ್ಚು ತೈಲ ಅನಿಲ ಪಡೆಯುವುದನ್ನು ಪ್ರೋತ್ಸಾಹಿಸುವ ನೀತಿಯನ್ನು ಜಾರಿಗೆ ತಂದಿತು. ಯಾವ ಕ್ಷೇತ್ರಕ್ಕೆ ಯಾವ ವಿಧಾನ ಹೊಂದುತ್ತದೆ ಎಂಬ ಪರೀಕ್ಷೆಯೂ ಅದರಲ್ಲಿ ಸೇರಿದೆ.

ಇದರಿಂದ ಎಷ್ಟು ನಿರೀಕ್ಷಿಸಬಹುದು? 100 ಕೋಟಿ ಪೀಪಾಯಿ ಎಣ್ಣೆ ಇರುವ ಕ್ಷೇತ್ರವೊಂದನ್ನು ಕಲ್ಪಿಸಿಕೊಳ್ಳಿ. ಶೇಕಡಾ 1ರಷ್ಟು ಹೆಚ್ಚು ಪಡೆದರೆ 1 ಕೋಟಿ ಪೀಪಾಯಿ. ದೇಶಕ್ಕೆ ದಿನಕ್ಕೆ 50 ಲಕ್ಷ ಪೀಪಾಯಿಗೂ ಹೆಚ್ಚು ಬೇಕು. ಅಂದರೆ ಅದು ಎರಡು ದಿನಕ್ಕೂ ಸಾಲದು. ಶೇಕಡಾ 10ರಷ್ಟು ಹೆಚ್ಚಿದರೂ ಇಪ್ಪತ್ತು ದಿನದೊಳಗೆ ಮುಗಿಯುತ್ತದೆ. ಆಮದು ಇದರಿಂದ ನಿಲ್ಲುವುದಿಲ್ಲ. ಆದರೆ ಇದಕ್ಕೆ ಹೊಸ ಕಾಡು, ಹೊಸ ಕಡಲು ಬಗೆಯಬೇಕಿಲ್ಲ. ಬಾವಿ, ಕೊಳವೆ, ವೇದಿಕೆ ಎಲ್ಲ ಅಲ್ಲಿಯೇ ಇವೆ, ತೈಲ ಇದೆಯೋ ಇಲ್ಲವೋ ಎಂಬ ಅನುಮಾನವೂ ಇಲ್ಲ. ಇನ್ನೊಂದು ಕಡೆ ರಾಸಾಯನಿಕಗಳ ಖರ್ಚಿದೆ, ಎಣ್ಣೆಯೊಡನೆ ಬರುವ ಕೊಳೆನೀರನ್ನು ಶುದ್ಧಿಮಾಡಿ ಮತ್ತೆ ಒಳಗೆ ಕಳಿಸುವ ಹೊಣೆಯಿದೆ. ಎರಡನ್ನೂ ತೂಗಿ ನೋಡಬೇಕು.

ತರಗತಿಯಲ್ಲಿ ಮಾಡಬಹುದಾದ ಒಂದು ಪ್ರಯೋಗದೊಂದಿಗೆ ಮುಗಿಸೋಣ. ತಳಕ್ಕೆ ಸಣ್ಣ ತೂತು ಮಾಡಿ ಬಟ್ಟೆ ಕಟ್ಟಿದ ಐದು ಪ್ಲಾಸ್ಟಿಕ್ ಬಾಟಲಿಗಳಲ್ಲಿ ತೊಳೆದು ಒಣಗಿಸಿದ ಮರಳು ತುಂಬಿ. ಪ್ರತಿಯೊಂದಕ್ಕೂ 50 ಮಿಲಿಲೀಟರ್ ಅಡಿಗೆ ಎಣ್ಣೆ ಹಾಕಿ ಒಂದು ರಾತ್ರಿ ಬಿಡಿ, ತಾನೇ ಸೋರಿದ್ದನ್ನು ಅಳೆಯಿರಿ. ಮರುದಿನ ಮೊದಲನೆಯದಕ್ಕೆ ತಣ್ಣೀರು, ಎರಡನೆಯದಕ್ಕೆ ಅಧ್ಯಾಪಕರ ಕೈಯಿಂದ ಬಿಸಿನೀರು, ಮೂರನೆಯದಕ್ಕೆ ಅಂಟುವಾಳದ ನೀರು, ನಾಲ್ಕನೆಯದಕ್ಕೆ ತೆಳುಗಂಜಿ ಒಂದೇ ಪ್ರಮಾಣದಲ್ಲಿ ಹಾಯಿಸಿ. ಕೆಳಗೆ ಬಂದ ದ್ರವ ತಿಳಿಯಾಗಲು ಬಿಟ್ಟು, ತೇಲಿದ ಎಣ್ಣೆಯನ್ನು ಅಳೆಯಿರಿ. ಅಂಟುವಾಳದ ನೀರಿನಲ್ಲಿ ಎಣ್ಣೆ ಬೇರ್ಪಡಲು ಹೆಚ್ಚು ಹೊತ್ತು ಹಿಡಿಯುವುದನ್ನೂ ಗಮನಿಸಿ, ತೈಲ ಎಂಜಿನಿಯರುಗಳನ್ನು ಕಾಡುವ ತೊಂದರೆಯೇ ಅದು. ಐದನೆಯ ಬಾಟಲಿಗೆ ಯಾವ ಕ್ರಮ ಒಳ್ಳೆಯದೆಂದು ವಿದ್ಯಾರ್ಥಿಗಳೇ ಚರ್ಚಿಸಿ ನಿರ್ಧರಿಸಲಿ. ಎಲ್ಲ ಮುಗಿದ ಮೇಲೆ ಬಂದ ಎಣ್ಣೆಯನ್ನು ಕೂಡಿ 50ರಿಂದ ಕಳೆಯಿರಿ. ಮರಳಿನಲ್ಲಿ ಇನ್ನೂ ಎಷ್ಟು ಉಳಿದಿದೆ ಎಂಬುದು ಆ ಸಂಖ್ಯೆಯಲ್ಲಿ ಕಾಣುತ್ತದೆ.